ಆಟದ ಪಿರಿಯಡ್: ಎಲ್ಲರಿಗೂ ಒಂದೇ ಅಳತೆ ಬೇಡ

ಈ ಸಂಚಿಕೆಗೆ ಗಡಿನಾಡಿನ ಶಾಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ವ್ಯಾಯಾಮ ಪಾಠದ್ದೇ. ಅನುಭವಿ ದೈಹಿಕ ಶಿಕ್ಷಣ ಶಿಕ್ಷಕರು ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆ. ಆರನೇ ತರಗತಿಯಲ್ಲಿ 40 ಮಕ್ಕಳು. ವ್ಯಾಯಾಮಕ್ಕೆಂದು ಬೇರೆ ಅಧ್ಯಾಪಕರಿಲ್ಲ, ಕನ್ನಡ ಟೀಚರಾದ ನಾನೇ ಬಯಲಿಗೆ ಕರೆದೊಯ್ಯುವುದು. ಇರುವುದು ಎರಡು ಫುಟ್‌ಬಾಲು. ಹತ್ತು ಹನ್ನೆರಡು ಹುಡುಗರು ಆಡುತ್ತಾರೆ, ಉಳಿದವರು ಮೆಟ್ಟಿಲ ಮೇಲೆ ಕೂತು ಮಾತಾಡುತ್ತಾರೆ. 40 ನಿಮಿಷದಲ್ಲಿ ಎಲ್ಲರನ್ನೂ ಆಡಿಸುವುದು ಹೇಗೆ?
— ಅಧ್ಯಾಪಿಕೆ, ಪೆರ್ಲ

ಉತ್ತರ: ಮೆಟ್ಟಿಲ ಮೇಲೆ ಕೂತವರು ಆಟ ಬೇಡವೆಂದು ಕೂತವರಲ್ಲ. ಒಂದು ಚೆಂಡಿಗೆ ಇಪ್ಪತ್ತು ಮಂದಿಯಾದರೆ ಅದು ಗಟ್ಟಿಯಾಗಿ ಒದೆಯಬಲ್ಲ ನಾಲ್ಕೈದು ಜನರ ಕಾಲಲ್ಲೇ ಸುತ್ತುತ್ತದೆ. ಉಳಿದವರು ಒಂದೆರಡು ವಾರ ಹಿಂದೆ ಮುಂದೆ ಓಡಿ, ಚೆಂಡು ಸಿಗದೆ ಮೆಟ್ಟಿಲು ಹತ್ತುತ್ತಾರೆ.

ಬಯಲನ್ನು 5 ಜಾಗಗಳಾಗಿ ಮಾಡಿ, ಒಂದೊಂದು ಜಾಗಕ್ಕೆ 8 ಮಕ್ಕಳು. ಗುಂಪನ್ನು ಹಾಜರಿ ಪಟ್ಟಿಯ ಕ್ರಮದಲ್ಲಿ ನೀವೇ ಮಾಡಿ. ನಾಯಕರು ಆರಿಸುವ ಪದ್ಧತಿ ಬೇಡ, ಅದರಲ್ಲಿ ಕೊನೆಗೆ ಉಳಿಯುವುದು ಪ್ರತಿಸಲವೂ ಅದೇ ಮಗು. ಒಂದು ಜಾಗದಲ್ಲಿ 4 ನಿಮಿಷ, ಬದಲಾಯಿಸಲು 1 ನಿಮಿಷ, ಹೀಗೆ 24 ನಿಮಿಷ. ಉಳಿದ 16ರಲ್ಲಿ ಬಯಲಿಗೆ ಬರಲು 4, ಮೈ ಬಿಸಿ ಮಾಡಿಕೊಳ್ಳಲು 5, ಕೊನೆಯಲ್ಲಿ ಕೈಕಾಲು ಸಡಿಲಿಸಿ ತಮ್ಮ ಪ್ರಗತಿಯ ಚೀಟಿ (ಕುಂಬಳೆಯವರಿಗೆ ಕೊಟ್ಟ ಉತ್ತರ ನೋಡಿ) ಬರೆಯಲು 4, ಸಾಮಾನು ಒಳಗಿಡಲು 3.

ಮೊದಲನೆಯದು ಓರೆ ಹಗ್ಗ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಹಗ್ಗವನ್ನು ಮಟ್ಟಸವಾಗಿ ಹಿಡಿದು ಸ್ವಲ್ಪ ಸ್ವಲ್ಪವೇ ಎತ್ತರಿಸುತ್ತ ಹೋದರೆ ಸೋತವರು ಒಬ್ಬೊಬ್ಬರಾಗಿ ಹೊರಗೆ ಹೋಗುತ್ತಾರೆ. ಹೆಚ್ಚು ಅಭ್ಯಾಸ ಬೇಕಾದ ಮಗುವಿಗೇ ಕಡಿಮೆ ಸಲ ಹಾರಲು ಸಿಗುತ್ತದೆ. ಅದೇ ಹಗ್ಗದ ಒಂದು ತುದಿ ನೆಲದಿಂದ 10 ಸೆಂಟಿಮೀಟರ್, ಇನ್ನೊಂದು ತುದಿ 60 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಎಲ್ಲರೂ ಹಾರುತ್ತಾರೆ, ತಮಗೆ ಬೇಕಾದ ಕಡೆ. ದೈಹಿಕ ಶಿಕ್ಷಣದ ಬೋಧನಾ ಕ್ರಮದ ಬಗ್ಗೆ 1966ರಲ್ಲಿ ಪುಸ್ತಕ ಬರೆದ ಮುಸ್ಕಾ ಮಾಸ್ಟನ್ ಅವರ ಹೆಸರಿನೊಂದಿಗೆ ಈ ಉಪಾಯ ಇಂದಿಗೂ ಪ್ರಸಿದ್ಧ. ಹಗ್ಗ ಸುಮಾರು 4 ಮೀಟರ್ ಇರಲಿ. ಎರಡೂ ತುದಿಯನ್ನು ಬಿಗಿಯಾಗಿ ಕಟ್ಟಬಾರದು. ಕಾಲು ಸಿಕ್ಕಿದಾಗ ಹಗ್ಗ ಬಿಡದಿದ್ದರೆ ಮಗು ಮುಖ ಅಡಿಯಾಗಿ ಬೀಳುತ್ತದೆ. ಗೂಟದ ಮೊಳೆಗೆ ಸುಮ್ಮನೆ ಕೊಂಡಿಯಂತೆ ಸಿಕ್ಕಿಸಿ, ತಗಲಿದರೆ ಕಳಚಿ ಬರಬೇಕು. ತೆಂಗಿನ ನಾರಿನ ಹಗ್ಗ ಕಾಲು ತರಚುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಗಂಟು ಹಾಕಿದರೆ ಉತ್ತಮ. ನಮ್ಮ ಕಡೆಯ ಬಯಲುಗಳ ಅಡಿಯಲ್ಲಿ ಮುರಕಲ್ಲು. ಇಳಿಯುವ ಕಡೆ 15 ಸೆಂಟಿಮೀಟರ್‌ನಷ್ಟು ಹೊಯಿಗೆ ಹಾಕದೆ ಹಾರಿಸಬೇಡಿ.

ಇಲ್ಲಿ ಆಗುವ ಎಡವಟ್ಟು ಏನೆಂದರೆ, ಕೆಲವರು ಹಟಕ್ಕೆ ಎತ್ತರದ ತುದಿಗೇ ಓಡುತ್ತಾರೆ, ಕೆಲವರು ತಗ್ಗಿನ ತುದಿ ಬಿಟ್ಟು ಕದಲುವುದಿಲ್ಲ. ಅದಕ್ಕೆ ಮೂರು ಹಾರಾಟದ ನಿಯಮ ಮಾಡಿ: ಮೊದಲನೆಯದು ಖಂಡಿತ ಆಗುವ ಕಡೆ, ಎರಡನೆಯದು ಒಂದು ಹೆಜ್ಜೆ ಎತ್ತರದ ಕಡೆಗೆ, ಮೂರನೆಯದು ಮಗುವಿನ ಇಷ್ಟ. ಎರಡೂ ಪಾದ ಒಟ್ಟಿಗೆ ಊರಿ, ಮೊಣಕಾಲು ಮಡಚಿ ಇಳಿದರೆ ಮಾತ್ರ ಲೆಕ್ಕ. 8 ಮಂದಿಗೆ ಎರಡು ಹಗ್ಗ ಬೇಕು, ಒಂದೇ ಆದರೆ ಸಾಲು ನಿಂತೇ 4 ನಿಮಿಷ ಮುಗಿಯುತ್ತದೆ.

ಎರಡನೆಯದು ಗೋಡೆಗೆ ಗುರಿ ಎಸೆತ. ಹಳೆಯ ಸಾಕ್ಸಿಗೆ ಬಟ್ಟೆ ಚೂರು ತುಂಬಿ ಹೊಲಿದ ಚೆಂಡು ಸಾಕು. ಸೀಮೆಸುಣ್ಣದಲ್ಲಿ 90, 60, 30 ಸೆಂಟಿಮೀಟರ್ ಅಗಲದ ಮೂರು ವೃತ್ತ, ನೆಲದಲ್ಲಿ 2, 4, 6 ಮೀಟರಿಗೆ ಮೂರು ಗೆರೆ. ಯಾವ ಗೆರೆಯಿಂದ ಯಾವ ವೃತ್ತಕ್ಕೆ ಎಂದು ಮಗುವೇ ಹೇಳಿ ಎಸೆಯಲಿ. ಚೆಂಡು ಅಡ್ಡಾದಿಡ್ಡಿ ಹೋಗುತ್ತಿದ್ದರೆ ಕಾಲು ನೋಡಿ: ಬಲಗೈಯವರು ಬಲಗಾಲನ್ನೇ ಮುಂದಿಟ್ಟಿರುತ್ತಾರೆ. ಎಡಗಾಲು ಮುಂದಿಟ್ಟರೆ ಸೊಂಟ ತಿರುಗುತ್ತದೆ, ಎಸೆತಕ್ಕೆ ಬಲ ಬರುತ್ತದೆ.

ಮೂರನೆಯದು ನಿಮ್ಮ ಫುಟ್‌ಬಾಲು. 6 ಮೀಟರ್ ಚೌಕದಲ್ಲಿ ಮೂವರು ಚೆಂಡು ದಾಟಿಸುವುದು, ನಡುವಿನ ಒಬ್ಬ ತಡೆಯುವುದು. ಎರಡು ಚೆಂಡಿಗೆ ಎರಡು ಚೌಕ. ಚೆಂಡು ಬೇಗ ಬೇಗ ಕೈತಪ್ಪಿದರೆ ಚೌಕವನ್ನು 8 ಮೀಟರ್ ಮಾಡಿ, ತೀರಾ ಸುಲಭವಾದರೆ 5ಕ್ಕೆ ಇಳಿಸಿ. ತಡೆದವನು ಹೊರಗೆ ಬರಲಿ ಎಂಬ ರೂಢಿಯ ನಿಯಮ ಬೇಡ, ಅದರಲ್ಲಿ ನಿಧಾನದ ಮಗು 4 ನಿಮಿಷವೂ ನಡುವೆಯೇ ಉಳಿಯುತ್ತದೆ. ಪ್ರತಿ 30 ಸೆಕೆಂಡಿಗೆ ಚಪ್ಪಾಳೆ ತಟ್ಟಿ ಬದಲಾಯಿಸಿ.

ನಾಲ್ಕನೆಯ ಜಾಗದಲ್ಲಿ ಸಮತೋಲನ: ಗೆರೆಯ ಮೇಲೆ ನಡಿಗೆ, ಸಾಧ್ಯವಾದವರಿಗೆ ಹಗ್ಗ ಪೋಣಿಸಿದ ಗೆರಟೆಯ ಮೇಲೆ ನಡಿಗೆ. ಗೆರಟೆಯ ಅಂಚು ಉಜ್ಜಿ ನಯ ಮಾಡಿರಬೇಕು. ಐದನೆಯದು ಸ್ಕಿಪ್ಪಿಂಗ್. ಹಗ್ಗದ ನಡುವೆ ಮೆಟ್ಟಿ ನಿಂತಾಗ ಎರಡೂ ತುದಿ ಕಂಕುಳಿಗೆ ಬರುವಷ್ಟು ಉದ್ದ ಸರಿ. ಬಾರದವರು ಹಗ್ಗವನ್ನು ಎರಡು ಮಡಿಕೆ ಮಾಡಿ ಒಂದೇ ಕೈಯಲ್ಲಿ ಪಕ್ಕಕ್ಕೆ ತಿರುಗಿಸುತ್ತ, ಅದು ನೆಲಕ್ಕೆ ತಟ್ಟಿದ ಸದ್ದಿಗೆ ಜಿಗಿಯಲಿ. ಲಯ ಕೂತ ಮೇಲೆ ಹಗ್ಗದೊಳಗೆ ಬರಬಹುದು.

ಮೊದಲ ದಿನವೇ ಐದನ್ನೂ ಹೂಡಬೇಡಿ, ಗದ್ದಲವಾಗಿ ನೀವೇ ಬೇಸತ್ತು ಬಿಡುತ್ತೀರಿ. ಮೊದಲ ವಾರ ಎರಡು, ಆಮೇಲೆ ವಾರಕ್ಕೊಂದು ಸೇರಿಸಿ. ನೀವು ನಿಲ್ಲಬೇಕಾದ್ದು ಓರೆ ಹಗ್ಗದ ಬಳಿ, ಇಡೀ ಬಯಲು ಕಣ್ಣಿಗೆ ಬೀಳುವ ಹಾಗೆ.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಬಯಲಲ್ಲಿ ನೀರು ನಿಂತಿರುತ್ತದೆ. ವ್ಯಾಯಾಮದ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುತ್ತಾರೆ. ತರಗತಿಯೊಳಗೆ ಏನು ಮಾಡಬಹುದು?
— ಅಧ್ಯಾಪಕರು, ಬಾಯಾರು

ಉತ್ತರ: ಮೊದಲು ಆ ಪಿರಿಯಡ್ಡನ್ನು ಬಿಟ್ಟುಕೊಡಬೇಡಿ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಳೆಗಾಲಕ್ಕೆ ವಿನಾಯಿತಿ ಕೊಟ್ಟಿಲ್ಲ.

ಬೆಂಚುಗಳನ್ನು ಗೋಡೆಗೆ ಸರಿಸಿದರೆ ನಡುವೆ ಸಿಗುವ ಜಾಗದಲ್ಲಿ ಓಟ ಆಗದು, ಲಯದ ಹೆಜ್ಜೆ ಧಾರಾಳವಾಗಿ ಆಗುತ್ತದೆ. ಯಕ್ಷಗಾನದ ಊರಲ್ಲಿದ್ದೀರಿ. ಹೆಜ್ಜೆ ಕಲಿತ ಒಬ್ಬ ಹುಡುಗನೋ ಹುಡುಗಿಯೋ ಪ್ರತಿ ತರಗತಿಯಲ್ಲೂ ಇರುತ್ತಾರೆ, ಅವರೇ ಮುಂದೆ ನಿಲ್ಲಲಿ. ಏಕತಾಳದ 4 ಅಕ್ಷರಕ್ಕೆ, ಅಂದರೆ 4 ಎಣಿಕೆಗೆ, ಮೊದಲು ಕೈಚಪ್ಪಾಳೆ, ಆಮೇಲೆ ನಿಂತಲ್ಲೇ ಹೆಜ್ಜೆ, ಆಮೇಲೆ ಮಂಡಿ ಬಗ್ಗಿಸಿ ಹೆಜ್ಜೆ. ಅದು ಸಲೀಸಾದವರಿಗೆ ತ್ರಿವುಡೆ ತಾಳದ 7 ಅಕ್ಷರ. ಕಷ್ಟವೆನಿಸಿದವರು 4ರಲ್ಲೇ ಇರಲಿ. ಮಂಡಿ ಬಗ್ಗಿಸಿ 2 ನಿಮಿಷ ಹೆಜ್ಜೆ ಹಾಕಿದರೆ ತೊಡೆಗೆ ಎಂಥ ಕೆಲಸವೆಂದು ನಿಂತು ನೋಡಿದವರಿಗೆ ಗೊತ್ತಾಗದು, ನೀವೂ ಹಾಕಿ ನೋಡಿ. ಮಂಡಿ ಒಳಕ್ಕೆ ವಾಲದೆ ಪಾದದ ಬೆರಳಿನ ದಿಕ್ಕಿಗೇ ಇರುವಂತೆ ಗಮನಿಸಿ.

ಬಲೂನನ್ನು ನೆಲಕ್ಕೆ ಬೀಳಿಸದೆ ತಟ್ಟುತ್ತ ಹೋಗುವ ಆಟಕ್ಕೆ ನಾಲ್ವರಿಗೊಂದು ಬಲೂನು ಸಾಕು. ಬಲೂನು ನಿಧಾನವಾಗಿ ಇಳಿಯುವುದರಿಂದ ಚೆಂಡು ಹಿಡಿಯಲು ಹೆದರುವ ಮಗುವಿಗೂ ಕಣ್ಣು-ಕೈ ಹೊಂದಿಸಿಕೊಳ್ಳಲು ಹೊತ್ತು ಸಿಗುತ್ತದೆ. ಜಗಲಿಯಲ್ಲಿ ಮಾತ್ರ ಜಾಗ್ರತೆ: ಇರಿಚಲು ಹೊಡೆದ ಸಿಮೆಂಟ್ ನೆಲ, ಟೈಲ್ಸ್ ಎರಡೂ ಜಾರುತ್ತವೆ. ಅಲ್ಲಿ ಓಟವೂ ಬೇಡ, ಕುಂಟಾಟವೂ ಬೇಡ.

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ, ಸ್ವಲ್ಪ ದಪ್ಪ. ಓಟದಲ್ಲಿ ಯಾವಾಗಲೂ ಕೊನೆ. ಈಗ ವ್ಯಾಯಾಮ ಇರುವ ದಿನ ತಲೆನೋವು ಅನ್ನುತ್ತಾಳೆ. ಶಾಲೆಯಲ್ಲಿ ಏನೆಂದು ಕೇಳಲಿ?
— ತಾಯಿ, ಜತ್ತ

ಉತ್ತರ: ಬಿಡುವು ಕೇಳಬೇಡಿ, ಬೇರೆ ಅಳತೆ ಕೇಳಿ. ಎಲ್ಲರೂ ಒಟ್ಟಿಗೆ ಹೊರಟು ಗೆರೆ ಮುಟ್ಟುವ ಓಟದಲ್ಲಿ ಅವಳು ಕೊನೆಯವಳಾಗುವುದನ್ನು ಇಡೀ ತರಗತಿ ನಿಂತು ನೋಡುತ್ತದೆ. ಅದರ ಬದಲು 6 ನಿಮಿಷದಲ್ಲಿ ಎಷ್ಟು ಸುತ್ತು ಎಂದು ಎಣಿಸಿದರೆ ಎಲ್ಲರೂ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲುತ್ತಾರೆ, ಕೊನೆಯವರೆಂದು ಯಾರೂ ಕಾಣುವುದಿಲ್ಲ. ಶಿಕ್ಷಕರಿಗೆ ಇದರಿಂದ ಹೆಚ್ಚಿನ ಹೊರೆಯೂ ಇಲ್ಲ.

ಮನೆಯಲ್ಲಿ ವಾರಕ್ಕೆ ಮೂರು ದಿನ ಹೀಗೆ ಮಾಡಿಸಿ: 1 ನಿಮಿಷ ನಿಧಾನ ಓಟ, 2 ನಿಮಿಷ ನಡಿಗೆ, ಇಂಥ 6 ಸುತ್ತು. ಓಡುವಾಗ ಒಂದು ಪೂರ್ತಿ ವಾಕ್ಯ ಮಾತಾಡಲು ಬರಬೇಕು, ಬಾರದಿದ್ದರೆ ವೇಗ ಹೆಚ್ಚಾಯಿತು ಎಂದರ್ಥ. ಎರಡು ವಾರ ಕಳೆದ ಮೇಲೆ ನಡಿಗೆಯನ್ನು ಒಂದೂವರೆ ನಿಮಿಷಕ್ಕೆ ಇಳಿಸಿ, ಓಟದ ವೇಗ ಹೆಚ್ಚಿಸಬೇಡಿ. ನಿಮ್ಮ ಕಡೆ ಮಾರ್ಚ್ ಬಂತೆಂದರೆ ಬಿಸಿಲು ಬಲು ಜೋರು, ಬೆಳಗ್ಗೆ 8ರ ಒಳಗೇ ಮುಗಿಸಿ, ಮೊದಲೂ ನಂತರವೂ ನೀರು ಕುಡಿಸಿ. ದೇಹದ ತೂಕ ಹೆಚ್ಚಿರುವ ಮಕ್ಕಳು ಗುಂಡು ಎಸೆತ, ಹಗ್ಗಜಗ್ಗಾಟದಲ್ಲಿ ಮುಂದಿರುವುದುಂಟು. ಅದನ್ನೂ ಆಡಿಸುವಂತೆ ಹೇಳಿ. ತಲೆನೋವು ಬೇರೆ ದಿನಗಳಲ್ಲೂ ಇದ್ದರೆ ಕಣ್ಣು ಮತ್ತು ರಕ್ತ ಪರೀಕ್ಷೆ ಮಾಡಿಸಲು ತಡಮಾಡಬೇಡಿ.

ಪ್ರಶ್ನೆ: ನಮ್ಮ ತರಗತಿಯಲ್ಲಿ ದೃಷ್ಟಿ ತೀರ ಮಂದವಾಗಿರುವ ಒಬ್ಬ ಹುಡುಗ, ಒಂದು ಕಾಲು ಬಲವಿಲ್ಲದ ಒಬ್ಬ ಹುಡುಗಿ ಇದ್ದಾರೆ. ಅವರನ್ನು ಅಂಕ ಬರೆಯಲು ಕೂರಿಸುತ್ತೇವೆ. ಬೇರೆ ದಾರಿ ಇದೆಯೇ?
— ಶಿಕ್ಷಕರು, ತಾಳವಾಡಿ

ಉತ್ತರ: ಇದೆ. ಖರ್ಚೂ ಇಲ್ಲ. ಯಾವ ಆಟದಲ್ಲೂ ನಾಲ್ಕನ್ನು ಬದಲಾಯಿಸಬಹುದು: ಜಾಗ, ಮಾಡಬೇಕಾದ ಕೆಲಸ, ಸಾಮಾನು, ಜೊತೆಗಾರರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಯಾವುದರಿಂದ ಪ್ರಯೋಜನವಾಯಿತು ಎಂದು ಆಗ ತಿಳಿಯುತ್ತದೆ.

ಹುಡುಗನಿಗೆ ಸಾಮಾನು ಬದಲಾಗಬೇಕು. ವಾಲಿಬಾಲನ್ನು ಸರಸರ ಸದ್ದು ಮಾಡುವ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ನೆಲದಲ್ಲಿ ಉರುಳಿಸಿದರೆ ಎಲ್ಲಿಂದ ಬರುತ್ತಿದೆ ಎಂದು ಕೇಳಿಸುತ್ತದೆ. ಎಸೆಯುವುದು ಬೇಡ, ಗಾಳಿಯಲ್ಲಿ ಸದ್ದು ಸಾಲದು. ಆ ಹೊತ್ತಿಗೆ ಉಳಿದವರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡಲಿ, ಸದ್ದು ಮಾಡದೆ. ಬೊಬ್ಬೆ ಇದ್ದರೆ ಆಟವೇ ಕೆಡುತ್ತದೆ. ಓಟಕ್ಕೆ 30 ಸೆಂಟಿಮೀಟರ್ ಬಟ್ಟೆಯ ದಾರದ ಒಂದೊಂದು ತುದಿಯನ್ನು ಅವನೂ ಜೊತೆಗಾರನೂ ಹಿಡಿಯಬೇಕು. ಜೊತೆಗಾರ ಎಳೆಯಬಾರದು, ಪಕ್ಕದಲ್ಲಿ ಅವನ ವೇಗಕ್ಕೆ ಓಡಬೇಕು. ಎಷ್ಟು ಬೆಳಕಿನಲ್ಲಿ, ಯಾವ ಬಣ್ಣ ಅವನಿಗೆ ಕಾಣುತ್ತದೆ ಎಂದು ಅವನನ್ನೇ ಕೇಳಿ. ಮಂದದೃಷ್ಟಿಯ ಹಲವರಿಗೆ ಕೆಂಪು ಮಣ್ಣಿನ ಮೇಲೆ ಕಂದು ಚೆಂಡು ಕಾಣದು, ಹಳದಿ ಕಾಣುತ್ತದೆ.

ಹುಡುಗಿಗೆ ಬದಲಾಗಬೇಕಾದ್ದು ಕೆಲಸ ಮತ್ತು ಜಾಗ. ಖೋ-ಖೋದಲ್ಲಿ ಕುಕ್ಕರಗಾಲಲ್ಲಿ ಕೂರಲು ಆಗದಿದ್ದರೆ ಕಂಬದ ಪಕ್ಕದ ಚೌಕದಲ್ಲಿ ಸ್ಟೂಲಿನ ಮೇಲೆ ಕೂರಲಿ, ಖೋ ಸಿಕ್ಕಾಗ ಅವಳ ಪರವಾಗಿ ಓಡಲು ಒಬ್ಬಳು ಹಿಂದೆ ಸಿದ್ಧಳಿರಲಿ. ಯಾವಾಗ, ಯಾರಿಗೆ ಖೋ ಕೊಡಬೇಕೆಂದು ತೀರ್ಮಾನಿಸುವುದು ಅವಳೇ. ಥ್ರೋಬಾಲಿನಲ್ಲಿ ಅವಳ ಅಂಕಣದ ಭಾಗವನ್ನು 2 ಮೀಟರ್ ಚೌಕವಾಗಿ ಗುರುತಿಸಿ, ಅಲ್ಲಿಗೆ ಬೇರೆಯವರು ನುಗ್ಗಬಾರದು. ವೈದ್ಯರು ಬೇಡವೆಂದ ಚಲನೆಗಳೇನಾದರೂ ಇವೆಯೇ ಎಂದು ಮನೆಯವರಿಂದ ಬರೆಸಿಕೊಳ್ಳಿ.

ಪ್ರಶ್ನೆ: ಒಬ್ಬೊಬ್ಬರಿಗೆ ಒಂದೊಂದು ಮಟ್ಟವಾದರೆ ಗ್ರೇಡ್ ಕೊಡುವುದು ಯಾವ ಆಧಾರದಲ್ಲಿ? ಪಕ್ಷಪಾತ ಎನ್ನುವುದಿಲ್ಲವೇ?
— ದೈಹಿಕ ಶಿಕ್ಷಣ ಶಿಕ್ಷಕರು, ಕುಂಬಳೆ

ಉತ್ತರ: ಹೊರಟ ಜಾಗವನ್ನು ಬರೆದಿಟ್ಟರೆ ಪಕ್ಷಪಾತದ ಮಾತು ಬರುವುದಿಲ್ಲ. ಪ್ರತಿ ಮಗುವಿಗೂ ಅರ್ಧ ಪುಟದ ಒಂದು ಚೀಟಿ. ಅದರಲ್ಲಿ ಮೂರೇ ಸಾಲು: ಈ ತಿಂಗಳು ಆರಿಸಿಕೊಂಡ ಕೌಶಲ, ಮೊದಲ ವಾರ ಎಷ್ಟು, ನಾಲ್ಕನೇ ವಾರ ಎಷ್ಟು. ಬರೆಯುವುದು ಮಗು, ನೀವು ಪಿರಿಯಡ್ಡಿಗೆ 8 ಮಂದಿಯದ್ದು ಮಾತ್ರ ನೋಡಿ ಸಹಿ ಹಾಕಿ. 40 ಮಂದಿಯನ್ನು ಒಂದೇ ದಿನ ನೋಡಲು ಹೋದವರು ಎರಡನೇ ತಿಂಗಳಿಗೆ ಚೀಟಿಯನ್ನೇ ಕೈಬಿಡುತ್ತಾರೆ.

ಫಿಟ್ ಇಂಡಿಯಾದ 50 ಮೀಟರ್ ಓಟ, 600 ಮೀಟರ್ ಓಟ-ನಡಿಗೆ, ಕೂತು ಮುಂದಕ್ಕೆ ಬಾಗುವ ಪರೀಕ್ಷೆಗಳನ್ನೂ ಹೀಗೆಯೇ ಬಳಸಿ, ಫಲಿತಾಂಶವನ್ನು ಎಲ್ಲರೆದುರು ಓದಬೇಡಿ. ತೂಕವನ್ನಂತೂ ಒಬ್ಬೊಬ್ಬರನ್ನೇ ಕರೆದು ನೋಡಬೇಕು. ಓಟದ ಪಥ ಇಲ್ಲದ ಬಯಲಲ್ಲಿ 30ಕ್ಕೆ 20 ಮೀಟರಿನ ಆಯತ ಎಳೆದರೆ ಸುತ್ತು 100 ಮೀಟರ್, 600ಕ್ಕೆ 6 ಸುತ್ತು. ಮೂಲೆ ತಿರುಗುವಾಗ ವೇಗ ಕುಂದುವುದರಿಂದ ಈ ಸಮಯವನ್ನು ದೊಡ್ಡ ಪಥವಿರುವ ಶಾಲೆಯ ಸಮಯದ ಜೊತೆ ಹೋಲಿಸಬಾರದು. ಎರಡನೇ ಸಲ ಅಳೆಯುವಾಗಲೂ ಅದೇ ಆಯತ, ಅದೇ ಹೊತ್ತು ಇರಲಿ. ಬೆಳಗ್ಗೆ ಅಳೆದದ್ದನ್ನು ಊಟದ ನಂತರ ಅಳೆದದ್ದಕ್ಕೆ ಹೋಲಿಸಿದರೆ ಮಗು ಹಿಂದೆ ಬಿದ್ದಂತೆ ಕಾಣುತ್ತದೆ.

ಉಪಜಿಲ್ಲಾ ಕ್ರೀಡಾಕೂಟಕ್ಕೆ ಆಯ್ಕೆ ಬೇರೆ ವಿಷಯ. ಅಲ್ಲಿ ಗೆಲ್ಲುವ ಮಗುವೇ ಬೇಕು, ಅದಕ್ಕೆ ಶಾಲೆ ಬಿಟ್ಟ ಮೇಲಿನ ಹೊತ್ತು ಇರಲಿ.

ಪ್ರಶ್ನೆ: ರಂಜಾನ್ ತಿಂಗಳಲ್ಲಿ ಉಪವಾಸ ಇರುವ ಮಕ್ಕಳನ್ನು ಆಡಿಸಬಹುದೇ?
— ಅಧ್ಯಾಪಕರು, ಉಪ್ಪಳ

ಉತ್ತರ: ಆಡಿಸಬಹುದು. ನೀರು ಕುಡಿಯದ ಕಾರಣ ಬೆವರು ಹರಿಸುವ ಓಟ, ಬಿಸಿಲು ಎರಡೂ ಬೇಡ. ನೆರಳಲ್ಲಿ ಗುರಿ ಎಸೆತ, ಸಮತೋಲನ, ಚೆಂಡು ದಾಟಿಸುವುದು ಸಾಕು. ಸಾಧ್ಯವಾದರೆ ಆ ತಿಂಗಳು ವ್ಯಾಯಾಮವನ್ನು ಮಧ್ಯಾಹ್ನದ ಮೊದಲಿಗೆ ತನ್ನಿ. ಉಪವಾಸ ಇದ್ದವರನ್ನು ಮಾತ್ರ ಬೇರೆ ಕೂರಿಸುವ ಬದಲು ಇಡೀ ತರಗತಿಗೆ ಅದೇ ಪಾಠ ಇಟ್ಟುಕೊಳ್ಳಿ. ತಲೆ ತಿರುಗಿದರೆ ನೆರಳಲ್ಲಿ ಮಲಗಿಸಿ ಕಾಲು ಎತ್ತರಕ್ಕಿಟ್ಟು ಮನೆಗೆ ತಿಳಿಸಿ.

ಪ್ರಶ್ನೆ: ಎಂಟನೇ ತರಗತಿಯ ಮೇಲೆ ಹುಡುಗಿಯರು ಬಯಲಿಗೇ ಬರುವುದಿಲ್ಲ.
— ಶಿಕ್ಷಕಿ, ಮಡಕಶಿರಾ

ಉತ್ತರ: ಮೂರು ಕಾರಣ ಮೊದಲು ಪರೀಕ್ಷಿಸಿ. ಬಟ್ಟೆ: ದುಪಟ್ಟಾ ಸರಿಪಡಿಸಿಕೊಳ್ಳುತ್ತ ಓಡಲು ಆಗದು, ವ್ಯಾಯಾಮದ ದಿನ ಟ್ರ್ಯಾಕ್ ಪ್ಯಾಂಟ್ ಮತ್ತು ಸಡಿಲ ಟೀ ಶರ್ಟಿಗೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆಯಿರಿ. ಶೌಚಾಲಯ: ನೀರು, ಚಿಲಕ, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಇದೆಯೇ? ನೋಟ: ಬಯಲಿನ ಸುತ್ತ ಹುಡುಗರು ನಿಂತು ನೋಡುವ ಹೊತ್ತಿಗೆ ಹುಡುಗಿಯರ ಆಟದ ಪಿರಿಯಡ್ ಬಿದ್ದಿದೆಯೇ? ಮುಟ್ಟಿನ ದಿನಗಳಲ್ಲಿ ಆಡಬಾರದೆಂದಿಲ್ಲ, ಆಡಲೇಬೇಕೆಂದೂ ಇಲ್ಲ. ಆ ದಿನಕ್ಕೆ ಕಾರಣ ಹೇಳದೆಯೇ ಹಗುರ ಚಟುವಟಿಕೆ ಆರಿಸಿಕೊಳ್ಳಲು ಬಿಡಿ. ಇಷ್ಟಾದ ಮೇಲೆ ಕಬಡ್ಡಿ, ಸ್ಕಿಪ್ಪಿಂಗ್, ಥ್ರೋಬಾಲ್ ಮೂರನ್ನೂ ಮುಂದಿಟ್ಟು ತಿಂಗಳಿಗೆ ಒಂದನ್ನು ಅವರೇ ಆರಿಸಲಿ, ಮೊದಲ ತಿಂಗಳು ಪಂದ್ಯ ಬೇಡ.