ಓದುಗರ ಪ್ರಶ್ನೆ: ನೆಂಟರ ಜತೆ ಬೇಕಲದ ಕಡೆಗೆ ಒಂದು ದಿನ

ಪ್ರಶ್ನೆ: ಡಿಸೆಂಬರ್‌ನಲ್ಲಿ ಬೀದರಿನಿಂದ ಆರು ಮಂದಿ ನೆಂಟರು ಬರುತ್ತಿದ್ದಾರೆ. ಇಬ್ಬರಿಗೆ ಎಪ್ಪತ್ತು ದಾಟಿದೆ. ಅನಂತಪುರ, ಚಂದ್ರಗಿರಿ ಕೋಟೆ, ಬೇಕಲ ಕೋಟೆ, ಮಂಜೇಶ್ವರದ ಗಿಳಿವಿಂಡು ಇಷ್ಟನ್ನೂ ಒಂದೇ ದಿನದಲ್ಲಿ ತೋರಿಸಬಹುದೇ? (ಓದುಗರು, ಮಂಗಳೂರು)

ಉತ್ತರ: ವಯಸ್ಸಾದವರಿದ್ದರೆ ಮೂರು ಸಾಕು. ಚಂದ್ರಗಿರಿ ಕೋಟೆ ಏರಿನ ಮೇಲಿದೆ, ಅದನ್ನು ಕೈಬಿಡಿ. ಚಂದ್ರಗಿರಿ ಹೊಳೆಯನ್ನು ಹೇಗೂ ಸೇತುವೆಯ ಮೇಲೆ ದಾಟುತ್ತೀರಿ. ತುಳುನಾಡಿನ ತೆಂಕಣ ಗಡಿ ಎಂದು ಹಿಂದಿನಿಂದ ಹೇಳುತ್ತ ಬಂದಿರುವುದು ಇದೇ ಹೊಳೆಯನ್ನು.

ಬೆಳಿಗ್ಗೆ ಏಳಕ್ಕೆ ಹೊರಟು, ದಾರಿಯಲ್ಲಿ ಸಿಗುವ ಗಿಳಿವಿಂಡು ನೋಡಿಕೊಂಡು ನೇರ ಅನಂತಪುರಕ್ಕೇ ಹೋಗಿ. ಕುಂಬಳೆಯಲ್ಲಿ ಹೆದ್ದಾರಿ ಬಿಟ್ಟು ಬದಿಯಡ್ಕ ರಸ್ತೆ ಹಿಡಿಯಬೇಕು. ಅಲ್ಲಿನ ದೇವಸ್ಥಾನದ ಗರ್ಭಗುಡಿ ಕೆರೆಯ ನಡುವೆ ಇದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಅದು ಒಂದು ಕಾರಣ. ಸುತ್ತಲೂ ಮುರಕಲ್ಲಿನ (ಜಂಬಿಟ್ಟಿಗೆಯ) ಹಾಸು, ಹನ್ನೊಂದರ ಹೊತ್ತಿಗೆ ಬರಿಗಾಲಿಡಲಾಗದಷ್ಟು ಕಾಯುತ್ತದೆ, ಇದು ಇನ್ನೊಂದು. ಆ ಕೆರೆಯಲ್ಲಿದ್ದ ‘ಬಬಿಯಾ’ ಮೊಸಳೆಯನ್ನು ನೋಡುವ ಆಸೆ ಹುಟ್ಟಿಸಬೇಡಿ. ಅದು 2022ರಲ್ಲೇ ಸತ್ತಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತಾದರೂ ದರ್ಶನ ಅದರ ಮರ್ಜಿ.

ಊಟ ಕಾಸರಗೋಡಿನಲ್ಲೇ ಮುಗಿಸಿ. ಬಹಳ ಮಂದಿ ದಾರಿ ತಪ್ಪುವುದು ಇಲ್ಲಿಂದ ಮುಂದೆ. ಬೇಕಲ ಇರುವುದು ರಾಷ್ಟ್ರೀಯ ಹೆದ್ದಾರಿಯ ಮೇಲಲ್ಲ. ಹೆದ್ದಾರಿ ಚೆರ್ಕಳದ ಕಡೆ ಒಳನಾಡಿಗೆ ಸುತ್ತು ಹಾಕುತ್ತದೆ. ನೀವು ಚಂದ್ರಗಿರಿ ಸೇತುವೆ, ಮೇಲ್ಪರಂಬ, ಉದುಮ ಮಾರ್ಗವಾಗಿ ಕರಾವಳಿ ರಸ್ತೆಯಲ್ಲೇ ಸಾಗಬೇಕು. ಚಾಲಕರಿಗೆ ಮೊದಲೇ ಹೇಳಿಡಿ.

ಬೇಕಲದಲ್ಲಿ ನೆರಳು ಕಮ್ಮಿ, ಮೂರೂವರೆಯ ಮೇಲೆ ಒಳಹೋದರೆ ಹಿರಿಯರಿಗೆ ಹಗುರ. ಆದರೆ ಸಂಜೆ ಐದೂವರೆಗೆ ಹೊರಗೆ ಕಳಿಸುತ್ತಾರೆ. ಡಿಸೆಂಬರ್‌ನಲ್ಲೂ ಸೂರ್ಯ ಮುಳುಗುವುದು ಆರು ದಾಟಿದ ಮೇಲೆ. ಕೋಟೆಯಿಂದಲೇ ಸೂರ್ಯಾಸ್ತ ತೋರಿಸುತ್ತೇನೆಂದು ಮಾತು ಕೊಡಬೇಡಿ. ಅದಕ್ಕೆ ಪಕ್ಕದ ಪಳ್ಳಿಕ್ಕರೆ ಕಡಲತೀರಕ್ಕೆ ಇಳಿಯಿರಿ.

ಗಿಳಿವಿಂಡು ರಾಷ್ಟ್ರಕವಿ ಗೋವಿಂದ ಪೈಗಳ ಮನೆ. ಮರಳುವಾಗ ಕತ್ತಲಾಗಿರುತ್ತದೆ, ಹಾಗಾಗಿ ಅದನ್ನು ಹೋಗುವಾಗಲೇ ನೋಡಬೇಕು. ಅಷ್ಟು ಬೆಳಿಗ್ಗೆ ತೆರೆದಿರುತ್ತದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ.

ಪ್ರಶ್ನೆ: ಬೇಕಲದಲ್ಲಿ ಎದ್ದು ನಿಂತ ಅರಮನೆಯೂ ಇಲ್ಲ, ದರ್ಬಾರೂ ಇಲ್ಲ. ಬರೀ ಗೋಡೆಯಲ್ಲಿ ನೆಂಟರಿಗೆ ತೋರಿಸುವುದೇನು? (ಓದುಗರು, ಪುತ್ತೂರು)

ಉತ್ತರ: ಗೋಡೆಯನ್ನೇ! 17ನೇ ಶತಮಾನದ ನಡುವೆ ಕೆಳದಿಯ ಶಿವಪ್ಪ ನಾಯಕ ಇದನ್ನು ಕಟ್ಟಿಸಿದ್ದು ಮುಖ್ಯವಾಗಿ ಕಾವಲಿಗೆ. ಹೊರಗೋಡೆಯ ಕಿಂಡಿಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, ಒಂದೊಂದರಲ್ಲೂ ಇಣುಕಿ ನೋಡಲು ಹೇಳಿ. ಮೇಲಿನ ಕಿಂಡಿಯ ಗುರಿ ದೂರಕ್ಕೆ, ಅದರ ಕೆಳಗಿನದು ಹತ್ತಿರಕ್ಕೆ, ತೀರಾ ಕೆಳಗಿನದು ಗೋಡೆಯ ಬುಡಕ್ಕೇ ಬಂದು ನಿಂತವನಿಗೆ. ಹತ್ತು ನಿಮಿಷದ ಉಪನ್ಯಾಸಕ್ಕಿಂತ ಇದು ಬೇಗ ಅರ್ಥವಾಗುತ್ತದೆ. ಬಾಗಿಲೂ ನೇರವಾಗಿಲ್ಲ, ತಿರುವಿಟ್ಟು ಕಟ್ಟಿದ್ದಾರೆ. ಆನೆಯಾಗಲಿ ಪಡೆಯಾಗಲಿ ಒಂದೇ ಓಟಕ್ಕೆ ನುಗ್ಗುವಂತಿಲ್ಲ. ಬಳಿಕ ಮೆಟ್ಟಿಲು ಕೆರೆ, ಮದ್ದಿನ ಮನೆ, ಸುರಂಗದ ಬಾಯಿ. ಕಾವಲು ಬುರುಜಿಗೆ ಮೆಟ್ಟಿಲ ಬದಲು ಅಗಲವಾದ ಇಳಿಜಾರು ಇದೆ, ಮಂಡಿನೋವಿನವರೂ ನಿಧಾನಕ್ಕೆ ಹತ್ತಬಹುದು.

ಪ್ರಶ್ನೆ: ಆಗಸ್ಟಿನಲ್ಲಿ ಬೇಕಲಕ್ಕೆ ಹೋಗಬಹುದೇ? (ಓದುಗರು, ಸುಳ್ಯ)

ಉತ್ತರ: ಹಸಿರು ನೋಡಬೇಕಾದರೆ ಆಗಲೇ. ಆದರೆ ಮುರಕಲ್ಲು ನೀರು ಹಿಡಿದಿಟ್ಟುಕೊಳ್ಳುವ ಕಲ್ಲು, ಪಾಚಿ ಬೇಗ ಕಟ್ಟುತ್ತದೆ. ನುಣುಪು ಅಡಿಯ ಚಪ್ಪಲಿ ಬೇಡ, ಹಿಡಿತವಿರುವ ರಬ್ಬರ್ ಅಡಿಯದ್ದಿರಲಿ. ಕಡಲಿನತ್ತ ಚಾಚಿದ ಬುರುಜಿನಲ್ಲಿ ಗಾಳಿಗೆ ಕೊಡೆ ಮಗುಚುತ್ತದೆ, ರೈನ್‌ಕೋಟ್ ತನ್ನಿ. ಅಲೆ ಬಡಿಯುವ ಬಂಡೆಗಳ ಮೇಲೆ ಸೆಲ್ಫಿಗೆಂದು ಯಾರನ್ನೂ ಇಳಿಯಗೊಡಬೇಡಿ.