ಮೂತ್ರ ಕಡು ಹಳದಿ ಆದರೆ ಕಿಡ್ನಿ ಕೆಟ್ಟಂಗಾ?

ಸಿಂಧನೂರಿನ ಏಪ್ರಿಲ್ ಬಿಸಿಲಲ್ಲಿ ಭತ್ತದ ಚೀಲ ಹೊತ್ತ ದಿನ ಮೂತ್ರ ಕಡು ಹಳದಿ, ಅದೂ ಸ್ವಲ್ಪೇ ಬರ್ತದೆ, ಕಿಡ್ನಿ ಕೆಟ್ಟಿತಾ ಅಂತ ಕೇಳೀರಿ. ಅಷ್ಟಕ್ಕೇ ಹಂಗನ್ನಾಕ ಬರಲ್ರಿ. ಕಿಡ್ನಿಗಳು ದಿನಕ್ಕೆ ರಕ್ತದಿಂದ ಸುಮಾರು 180 ಲೀಟರ್ ದ್ರವ ಸೋಸಿ, ಬಹುಪಾಲು ವಾಪಸ್ ಎಳ್ಕೊಂಡು, ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಗೆ ಬಿಡ್ತವೆ. ಬೆವರಿ ಮೈಯಲ್ಲಿ ನೀರು ಇಳಿದಾಗ ಮಿದುಳಿಂದ ಎಡಿಎಚ್ ಹಾರ್ಮೋನು ಬರ್ತದೆ. ಅದರಿಂದ ಕಿಡ್ನಿ ಇನ್ನಷ್ಟು ನೀರನ್ನ ವಾಪಸ್ ಎಳ್ಕೊಳ್ತದೆ. ಹಳದಿ ದಟ್ಟ ಆಗೋದು ಅದಕ್ಕೇ.

ಬರೀ ನೀರು ಗಟಗಟ ಕುಡಿದರೆ ಬೆವರಲ್ಲಿ ಹೋದ ಉಪ್ಪು ತುಂಬಲ್ಲ. ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಅಂಚಿಗೆ ಸಮ ಸವರಿ ಹಾಕಿ, ಆಗಾಗ ಗುಟುಕರಿಸಿ. ಬಿಪಿ, ಶುಗರ್ ಇದ್ದರೆ ಡಾಕ್ಟರನ್ನ ಕೇಳಿಯೇ ಕುಡೀರಿ.

ಬಣ್ಣ ಕೋಲಾದಂಗೆ ಆಗಿ ಮಾಂಸಖಂಡ ವಿಪರೀತ ನೋಯ್ತಿದ್ದರೆ ಮಾತ್ರ ತಡಮಾಡಬ್ಯಾಡ್ರಿ: ಸ್ನಾಯು ಒಡೆದು ಬಂದ ಮಯೋಗ್ಲೋಬಿನ್ ಅನ್ನೋ ಪ್ರೋಟೀನು ಕಿಡ್ನಿಗೆ ಪೆಟ್ಟು ಕೊಡ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ ಕಿಡ್ನಿ ಹೆಂಗಿದೆ ಅಂತ ತೋರಿಸೋ ಕ್ರಿಯಾಟಿನಿನ್, ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸೋ ಸಿಪಿಕೆ ರಕ್ತ ಪರೀಕ್ಷೆ ಮಾಡಿಸ್ರಿ.