ಅಮೃತಶಿಲೆಯ ಪಕ್ಕದಲ್ಲಿ ಶಾಯಿಯ ಗೆರೆ

ಮಾನ್ಯರೇ,

ಹದಿನೇಳನೆಯ ಶತಮಾನದ ಇಟಲಿಯ ಶಿಲ್ಪಿ ಬರ್ನಿನಿಯ ಶಿಲ್ಪಗಳನ್ನು ಕುರಿತ ಕಳೆದ ಸಂಚಿಕೆಯ ಲೇಖನದ ನಡುವೆ, ಆತನೇ ಬರೆದ, ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಾಧಿಕಾರಿಯಾದ ಕಾರ್ಡಿನಲ್ ಶಿಪಿಯೋನೆ ಬೋರ್ಗೆಸೆಯ ವಿಡಂಬನಾ ರೇಖಾಚಿತ್ರವನ್ನು ಅಚ್ಚು ಹಾಕಿದ್ದು ಸರಿಯಲ್ಲವೆಂದೂ, ಬಿಡುವಿನಲ್ಲಿ ಗೀಚಿದ್ದನ್ನು ಮಹಾಕೃತಿಗಳ ಸಾಲಿನಲ್ಲಿಡುವುದು ಆ ಕಲಾವಿದನಿಗೆ ಮಾಡಿದ ಅಪಚಾರವೆಂದೂ ತಾವು ಬರೆದಿದ್ದೀರಿ. ಚಿತ್ರದ ಗೆರೆಗಳು ಕಪ್ಪಾಗಿರದೆ ಕಂದಾಗಿ ಕಾಣುವುದು ಅಚ್ಚಿನ ದೋಷವೇ ಎಂದೂ ಕೇಳಿದ್ದೀರಿ.

1632ರಲ್ಲಿ ಬರ್ನಿನಿ ಇದೇ ಕಾರ್ಡಿನಲ್‌ನ ಎದೆಮಟ್ಟದ ಪ್ರತಿಮೆಯನ್ನು ಅಮೃತಶಿಲೆಯಲ್ಲಿ ಕೆತ್ತಿದ. ಹಣೆಯ ಭಾಗದಲ್ಲಿ ಕಲ್ಲು ಬಿರುಕು ತೋರಿದ್ದರಿಂದ ಎರಡನೆಯದನ್ನೂ ಕೆತ್ತಬೇಕಾಯಿತು. ಎರಡೂ ಇಂದು ರೋಮಿನ ಬೋರ್ಗೆಸೆ ಗ್ಯಾಲರಿಯಲ್ಲಿವೆ. ಈಗಷ್ಟೇ ಏನೋ ಹೇಳಲು ಹೊರಟಂತೆ ತೆರೆದಿರುವ ತುಟಿಗಳು, ಕಾಜಾದೊಳಗೆ ಪೂರ್ತಿ ಹೊಕ್ಕಿರದ ಗುಂಡಿ, ಕೊಬ್ಬಿದ ಕೆನ್ನೆಯ ತೂಕ, ಇವನ್ನು ಕಲ್ಲಿನಲ್ಲಿ ಹಿಡಿದ ಕಣ್ಣೇ ವ್ಯಾಟಿಕನ್ ಗ್ರಂಥಾಲಯದಲ್ಲಿರುವ ಶಾಯಿಯ ಚಿತ್ರದಲ್ಲಿ ಕೆಲವೇ ಗೆರೆಗಳಿಂದ ಆ ಮನುಷ್ಯನನ್ನು ಹಿಡಿದುಬಿಟ್ಟಿದೆ. ಶಿಲ್ಪದಲ್ಲಿ ಉಳಿ ಸಾವಿರ ಸಲ ಮಾಡಿದ ತೀರ್ಮಾನವನ್ನು ಇಲ್ಲಿ ಗರಿಲೇಖನಿ ಒಂದೇ ಸಲಕ್ಕೆ ಮಾಡಬೇಕು. ಅಳಿಸುವಂತಿಲ್ಲ, ನೆರಳು ತುಂಬಿ ತಪ್ಪನ್ನು ಮುಚ್ಚುವಂತಿಲ್ಲ. ಇದನ್ನು ಗೀಚಾಟವೆನ್ನಲು ನನಗೆ ಸಾಧ್ಯವಿಲ್ಲ.

ಇಟಾಲಿಯನ್ ಭಾಷೆಯಲ್ಲಿ ‘ಕಾರಿಕಾರೆ’ ಎಂದರೆ ಭಾರ ಹೇರುವುದು. ವಿಡಂಬನಾ ಚಿತ್ರಕ್ಕಿರುವ ಕ್ಯಾರಿಕೇಚರ್ ಎಂಬ ಮಾತು ಹುಟ್ಟಿದ್ದು ಅದರಿಂದ. ಈ ಬಗೆಯ ಚಿತ್ರವನ್ನು ರೂಢಿಗೆ ತಂದ ಬೊಲೋನ್ಯಾದ ಚಿತ್ರಕಾರ ಅನ್ನಿಬಾಲೆ ಕರಾಚ್ಚಿಯ ರೇಖಾಚಿತ್ರಗಳ ಮುದ್ರಿತ ಸಂಪುಟವೊಂದು 1646ರಲ್ಲಿ ಹೊರಬಂದಾಗ, ಅದರ ಮುನ್ನುಡಿಯಲ್ಲಿ ಆತನ ವಿಚಾರವೂ ದಾಖಲಾಯಿತು: ನಿಸರ್ಗ ಅರ್ಧಕ್ಕೆ ಬಿಟ್ಟ ಸೌಂದರ್ಯವನ್ನು ಚಿತ್ರಕಾರನು ಪೂರ್ಣಗೊಳಿಸುವಂತೆಯೇ, ಅದು ತಮಾಷೆಗೆಂಬಂತೆ ಆರಂಭಿಸಿದ ವಿಕಾರವನ್ನೂ ಪೂರ್ಣಗೊಳಿಸಬಲ್ಲ. ಎರಡಕ್ಕೂ ಬೇಕಾದ ವಿದ್ಯೆ ಒಂದೇ ಎಂಬುದು ಇಲ್ಲಿನ ತಿರುಳು. ಇದು ನನಗೆ ಪೂರ್ಣ ಒಪ್ಪಿಗೆಯಾದ ಮಾತು.

ಅವಮಾನದ ಪ್ರಶ್ನೆಯೂ ಇದೆ. ಶಿಪಿಯೋನೆ ಬರ್ನಿನಿಯ ಹಗೆಯಲ್ಲ, ಆತನಿಂದ ‘ಅಪೋಲೋ ಮತ್ತು ದಾಫ್ನೆ’ ಶಿಲ್ಪವನ್ನು ಮಾಡಿಸಿದ ಪೋಷಕ. ದೊಡ್ಡ ಪ್ರಭುಗಳೂ ತಮ್ಮ ಚಿತ್ರಗಳನ್ನು ಕಂಡು ನಲಿಯುತ್ತಿದ್ದರೆಂದು ಬರ್ನಿನಿಯ ಜೀವನಚರಿತ್ರೆಯನ್ನು 1682ರಲ್ಲಿ ಪ್ರಕಟಿಸಿದ ಬಾಲ್ಡಿನುಚ್ಚಿ ಹೇಳುತ್ತಾನೆ. ಆದರೂ ಎಲ್ಲವೂ ಅಷ್ಟು ಮೃದುವಾಗಿರಲಿಲ್ಲ. ಎಪ್ಪತ್ತೇಳು ದಾಟಿದ ವಯಸ್ಸಿನಲ್ಲಿ ಬರ್ನಿನಿ ಬರೆದ, ಈಗ ಜರ್ಮನಿಯ ಲೈಪ್‌ಝಿಗ್‌ನಲ್ಲಿರುವ ಚಿತ್ರದಲ್ಲಿ ಪೋಪ್ ಹನ್ನೊಂದನೆಯ ಇನ್ನೊಸೆಂಟ್ ಎತ್ತರದ ಕಿರೀಟ ಧರಿಸಿ, ದಿಂಬುಗಳಿಗೆ ಒರಗಿ, ಬಡಕಲು ಮಿಡತೆಯಂತೆ ಹಾಸಿಗೆಯಲ್ಲಿ ಕುಳಿತಿದ್ದಾರೆ. ಅದನ್ನು ನೋಡಿದಾಗ ನಗುವಿನ ಜೊತೆ ಒಂದಿಷ್ಟು ಅಳುಕೂ ಆಗುತ್ತದೆ.

ಇನ್ನು ಬಣ್ಣದ ವಿಷಯ. ಅದು ಅಚ್ಚಿನ ದೋಷವಲ್ಲ, ಮೂಲಚಿತ್ರವೇ ಕಂದು. ಆ ಕಾಲದ ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿದ್ದ ಶಾಯಿಯನ್ನು ಓಕ್ ಮರದ ಗಂಟುಗಳಿಂದ, ಅಂದರೆ ನಮ್ಮ ಗ್ರಂಧಿಗೆ ಅಂಗಡಿಯ ಮಾಚಿಕಾಯಿಯಿಂದ, ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ತಯಾರಿಸುತ್ತಿದ್ದರು. ಬರೆದ ಮೇಲೆ ಕಪ್ಪಾಗುವ ಅದು ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ.

— ಸಂಪಾದಕ